ಕೊಟ್ಟದ್ದನ್ನು ಕೊಟ್ಟ ಹಾಗೆ

ಶಿಕಾಗೊ ಸುತ್ತಿನ ನಮ್ಮ ಕನ್ನಡಿಗರಿಗೆ ನೃತ್ಯ ಎಂದರೆ ಮಗಳ ರಂಗಪ್ರವೇಶ. ಹೈಸ್ಕೂಲು ಮುಗಿಯುವ ವರ್ಷ ಒಂದು ಹಾಲ್ ಹಿಡಿದು, ಡೆವನ್ ಅವೆನ್ಯೂದಲ್ಲಿ ಸೀರೆ ಕೊಂಡು, ನೆಂಟರನ್ನೆಲ್ಲ ಕೂಡಿಸಿ ಕುಣಿಸಿಬಿಟ್ಟರೆ ಮುಗಿಯಿತು. ಮರುದಿನ ಕ್ಲಾಸೆಟ್ಟು ಸೇರಿದ ಗೆಜ್ಜೆ ಮತ್ತೆ ಹೊರಗೆ ಬರುವುದಿಲ್ಲ. ಹೀಗಿರುವಾಗ ಡೆಸ್ ಪ್ಲೇನ್ಸ್‌ನ ನೀಲಾಂಬಿಕಾ, ನಲವತ್ತು ದಾಟಿದ ಹೆಂಗಸು, ಗೆಜ್ಜೆಯಿಲ್ಲದೆ ತಾಳವಿಲ್ಲದೆ, ಕಪ್ಪು ಜನಾಂಗದ ಒಬ್ಬ ಮುದುಕಿಯ ಮುಂದೆ ನೆಲಕ್ಕೆ ಬೀಳುವುದನ್ನೂ ಏಳುವುದನ್ನೂ ಕಲಿಯುತ್ತಿದ್ದಾಳೆ ಎಂಬ ಸುದ್ದಿ ಹಬ್ಬಿದಾಗ ಜನ ನಕ್ಕರು. ನಗುವವರ ಮುಂದೆ ಎಡವಿ ಬೀಳಬಾರದು ಎನ್ನುತ್ತಾರೆ. ಇವಳು ಬೀಳುವುದನ್ನೇ ಪಾಠ ಮಾಡಿಕೊಂಡಿದ್ದಳು, ಇನ್ನೇನು ಹೇಳುವುದು.

ನೀಲಾಂಬಿಕಾ ಧಾರವಾಡದವಳು. ಇಲ್ಲಿ ಒಂದು ಪುನರ್ವಸತಿ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್. ಬಿದ್ದವರನ್ನು ನಡೆಸುವುದೇ ಅವಳ ಕಸುಬು. ಬಾಗಿಲಿನಿಂದ ಒಳಗೆ ಬರುವಾಗಲೇ ರೋಗಿಯ ಯಾವ ಕಾಲು ಸೋತಿದೆ, ಯಾವ ಭುಜ ಸುಳ್ಳು ಹೇಳುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಆ ಮುದುಕಿ, ಒಡೆಸ್ಸಾ ಗೇನ್ಸ್ ಕೂಡ ಅವಳ ಬಳಿಗೆ ಮೊದಲು ಬಂದದ್ದು ರೋಗಿಯಾಗಿಯೇ, ಸೊಂಟದ ಕೀಲು ಬದಲಾಯಿಸಿಕೊಂಡ ಮೇಲೆ. ವಾಕರ್ ಹಿಡಿದು ಒಳಗೆ ಬಂದವರು ಇವಳು ನಿಂತ ಭಂಗಿಯನ್ನು ಮೇಲಿಂದ ಕೆಳಗೆ ನೋಡಿ, "ನೀನು ಡಾನ್ಸರ್. ಯಾಕೆ ಬಿಟ್ಟೆ?" ಎಂದು ಕೇಳಿದರು. ಮದುವೆಯಾದ ಮೇಲೆ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳಿಗೆ ಅಲ್ಲೇ ಕಣ್ಣು ತುಂಬಿತು.

ಒಡೆಸ್ಸಾ ಹುಟ್ಟಿದ್ದು ಡೆಟ್ರಾಯ್ಟ್‌ನಲ್ಲಿ. ಅಪ್ಪ ಕಾರು ಕಾರ್ಖಾನೆಯ ಎರಕದ ಮನೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಅವರಿದ್ದ ಕೇರಿಯನ್ನು ಹುಡುಗಿಯ ಕಣ್ಣೆದುರೇ ಕೆಡವಿ ಫ್ರೀವೇ ಹಾಕಿದರು. "ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ಈಗ ಗಂಟೆಗೆ ಎಪ್ಪತ್ತು ಮೈಲಿಯಲ್ಲಿ ಹೋಗ್ತಾರೆ, ಒಬ್ಬರೂ ಬಾಗಿಲು ತಟ್ಟಲ್ಲ" ಎಂದು ಒಡೆಸ್ಸಾ ನಗುತ್ತಿದ್ದರು. ಅವರು ಕುಣಿತ ಕಲಿತದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಬ್ಯಾಲೆ ಶಾಲೆಗೆ ಹೋದಾಗ, ಕಾಲು ಚೆನ್ನಾಗಿದೆ, ಆದರೆ ಸಾಲಿನಲ್ಲಿ ನೀನೊಬ್ಬಳೇ ಬೇರೆ ಕಾಣುತ್ತೀಯ ಎಂದು ಸಿಹಿಯಾಗಿ ಹೇಳಿ ಕಳಿಸಿದರು. ಆ ಸಿಹಿ ಮಾತು ಅವರ ಬಾಯಲ್ಲಿ ಅರವತ್ತು ವರ್ಷ ಕಹಿಯಾಗಿ ಉಳಿದಿತ್ತು. ಹುಡುಗಿ ನ್ಯೂಯಾರ್ಕಿಗೆ ಹೋಗಿ ಮಾಡರ್ನ್ ಡಾನ್ಸ್ ಕಲಿತಳು, ಯೂರೋಪ್ ಸುತ್ತಿದಳು, ಅಲ್ಲಿ ಹೂಗುಚ್ಛ ಹಿಡಿದು ಫೋಟೊ ತೆಗೆಸಿಕೊಂಡಳು, ತಿರುಗಿ ಬಂದರೆ ಊರಲ್ಲಿ ಬಾಡಿಗೆಗೆ ಮನೆ ಕೊಡುವವರಿರಲಿಲ್ಲ. ಕೊನೆಗೆ ಶಿಕಾಗೊದ ಸೌತ್ ಸೈಡ್‌ನಲ್ಲಿ ಒಂದು ಲಾಂಡ್ರಿಯ ಮೇಲೆ ಸ್ಟುಡಿಯೊ ತೆರೆದು ಆಯುಷ್ಯವಿಡೀ ಪಾಠ ಹೇಳಿದರು. ಒಂದು ಮದುವೆ ಆಗಿತ್ತಂತೆ, ಟೂರಿನಿಂದ ಬರುವಷ್ಟರಲ್ಲಿ ಅದೂ ಹೋಗಿತ್ತು. ಕಟ್ಟಡ ಕೈಬದಲಾದಾಗ ಸ್ಟುಡಿಯೊ ಮುಚ್ಚಿತು. ಈಗ ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ತಂಗಿಯ ಮಗಳು ಡೆನೀಸ್ ತನ್ನ ಮನೆ ಹತ್ತಿರವೇ, ಡೆಸ್ ಪ್ಲೇನ್ಸ್‌ನ ಹಿರಿಯರ ಅಪಾರ್ಟ್‌ಮೆಂಟಿನಲ್ಲಿ, ದೊಡ್ಡಮ್ಮನನ್ನು ಇರಿಸಿದ್ದಳು. ಕಿಟಕಿ ತೆರೆದರೆ ವಿಮಾನದ ಹೊಟ್ಟೆ ಕಾಣುತ್ತಿತ್ತು.

ಇಷ್ಟೆಲ್ಲ ಹೋದ ಮೇಲೆ ಅವರ ಬಳಿ ಉಳಿದದ್ದು ಒಂದೇ ಒಂದು. ಯೌವನದಲ್ಲಿ ತಾವೇ ಕಟ್ಟಿ, ತಾವೊಬ್ಬರೇ ಕುಣಿದ 'ಮೂರನೇ ಪಾಳಿ' ಎಂಬ ನೃತ್ಯ. ಅದರ ಹಳೆಯ ಟೇಪುಗಳಿದ್ದ ನೆಲಮಾಳಿಗೆಗೆ ನೀರು ನುಗ್ಗಿ ಎಲ್ಲ ಹಾಳಾಗಿದ್ದವು. ಕಲಿತಿದ್ದ ಶಿಷ್ಯೆಯರಲ್ಲಿ ಒಬ್ಬಳು ತೀರಿಕೊಂಡಿದ್ದಳು, ಇನ್ನೊಬ್ಬಳಿಗೆ ಮಂಡಿ ಹೋಗಿತ್ತು. ಆ ನೃತ್ಯ ಈಗ ಇದ್ದದ್ದು ಒಡೆಸ್ಸಾರ ಮೈಯಲ್ಲಿ ಮಾತ್ರ. ಕಣ್ಣು ಮುಚ್ಚುವ ಮೊದಲು ಅದು ಇನ್ನೊಂದು ಮೈಗೆ ಹೋಗಬೇಕು. ಅವರ ಆಸೆ ಅಷ್ಟೇ.

ಚಿಕಿತ್ಸೆ ಮುಗಿದ ವಾರ ನೀಲಾಂಬಿಕಾ ಹಣ್ಣು ಹಿಡಿದು ಅವರ ಮನೆಗೆ ಹೋಗಿ, ಬಗ್ಗಿ ಕಾಲು ಮುಟ್ಟಿ, ಕಲಿಸಿ ಎಂದು ಕೇಳಿದಳು. ಡೆನೀಸ್‌ಗೆ ಇದು ಸರಿಬರಲಿಲ್ಲ. "ದೊಡ್ಡಮ್ಮ, ನಮ್ಮವರಲ್ಲಿ ಯಾರೂ ಸಿಗಲಿಲ್ವಾ?" ಎಂದು ಇವಳ ಎದುರೇ ಕೇಳಿದಳು. ಕೇಳಿದ್ದು ನ್ಯಾಯವೇ.

"ಸಿಕ್ಕಿದ್ರು" ಎಂದರು ಒಡೆಸ್ಸಾ. "ಬರ್ತಾರೆ, ಎರಡನೇ ದಿನವೇ ನನ್ನ ಡಾನ್ಸ್ ತಿದ್ದೋಕೆ ಶುರು ಮಾಡ್ತಾರೆ. ಈ ಹುಡುಗಿ ಕೊಟ್ಟಿದ್ದನ್ನ ಕೊಟ್ಟ ಹಾಗೆ ಇಟ್ಕೋತಾಳೆ. ನನಗೆ ಅಷ್ಟು ಸಾಕು."

ಆ ಮಾತು ನಿಜ. ಧಾರವಾಡದಲ್ಲಿ ನೃತ್ಯ ಕಲಿಸಿದ ಇಂದು ಎಂಬ ಟೀಚರ್ ಅವಳನ್ನು ಹಾಗೆಯೇ ಬೆಳೆಸಿದ್ದರು. ಒಮ್ಮೆ ಭರತನಾಟ್ಯದ ಒಂದು ಅಡವಿನ ನಡುವೆ, "ಟೀಚರ್, ಇಲ್ಲಿ ಯಾಕ ತಿರಗಬೇಕ್ರಿ?" ಎಂದು ಕೇಳಿದ್ದಕ್ಕೆ ತಾಳದ ಕೋಲು ಮಣಿಕಟ್ಟಿನ ಮೇಲೆ ಬಿದ್ದಿತ್ತು. "ನಾ ಯಾಕ ತಿರಗೇನಿ ಅಂತ ಕೇಳಬ್ಯಾಡ. ನಾ ತಿರಗೇನಿ, ನೀ ತಿರಗು." ಹರ ಮುನಿದರೆ ಗುರು ಕಾಯುವನು, ಗುರು ಮುನಿದರೆ ಹರನೂ ಕಾಯಲಾರ ಎಂದು ಮನೆಯಲ್ಲಿ ಅಜ್ಜಿಯೂ ಹೇಳುತ್ತಿದ್ದಳು. ಗುರುವಿನಲ್ಲಿ ದೋಷ ಹುಡುಕುವವಳಿಗೆ ವಿದ್ಯೆ ಹತ್ತುವುದಿಲ್ಲ ಎಂಬುದು ಅವಳಿಗೆ ಎದೆಹಾಲಿನ ಜೊತೆಗೇ ಇಳಿದಿತ್ತು. ನಮಸ್ಕಾರ ಮಾಡಿದ ಆ ದಿನದಿಂದ ಅವಳಿಗೆ ಒಡೆಸ್ಸಾರಲ್ಲಿ ರೋಗಿ ಕಾಣಿಸಲಿಲ್ಲ. ಮಿಸ್ ಒಡೆಸ್ಸಾ ಮಾತ್ರ ಕಾಣಿಸಿದರು.

ಒಡೆಸ್ಸಾರದೂ ಒಂದು ಪದ್ಧತಿಯಿತ್ತು. ನೃತ್ಯದ ಅರ್ಥವನ್ನು ಮೊದಲು ಹೇಳುತ್ತಿರಲಿಲ್ಲ. "ಮೊದಲು ಕಾಲು. ಕಥೆ ಕೊನೆಗೆ. ಕಥೆ ಮೊದಲೇ ಕೊಟ್ರೆ ಜನ ಕಥೆ ಕುಣೀತಾರೆ, ಕಾಲು ಕುಣಿಯೋದಿಲ್ಲ." ಹೇಳದ ಗುರು, ಕೇಳದ ಶಿಷ್ಯೆ. ಗಂಟು ಬಿದ್ದದ್ದು ಚೆನ್ನಾಗಿಯೇ ಇತ್ತು.

ಚಳಿಗಾಲವಿಡೀ ಪಾಠ ನಡೆಯಿತು. ಹೊರಗೆ ಸೊನ್ನೆಯ ಕೆಳಗೆ ಇಳಿದ ಥರ್ಮಾಮೀಟರು, ಒಳಗೆ ಸೋಫಾ ಸರಿಸಿ ಮಾಡಿಕೊಂಡ ಜಾಗ. ಒಡೆಸ್ಸಾ ತಗ್ಗಾದ ಸ್ಟೂಲಿನ ಮೇಲೆ ಕೂತು ತೊಡೆ ತಟ್ಟುತ್ತಾ ಲೆಕ್ಕ ಹಾಕುತ್ತಿದ್ದರು. ಬೀಳುವುದನ್ನು ಕೈಯಲ್ಲೇ ತೋರಿಸುತ್ತಿದ್ದರು, ಆ ಸೊಂಟದಲ್ಲಿ ಬೀಳುವ ಹಾಗಿರಲಿಲ್ಲ. ಉಳಿದದ್ದನ್ನು ಎದ್ದು ತೋರಿಸುತ್ತಿದ್ದರು. ಬೆನ್ನು ಹೇಗೆ ಬಾಗುತ್ತದೆ, ಉಸಿರು ಹೊಟ್ಟೆಯಿಂದ ಹೇಗೆ ಹೊರಡುತ್ತದೆ, ಸಲಿಕೆ ಎತ್ತುವ ಭುಜ ಹೇಗೆ ಇಳಿಯುತ್ತದೆ. ನೀಲಾಂಬಿಕಾ ಸ್ಪಂಜಿನಂತೆ ಹೀರಿಕೊಂಡಳು. ಮನೆಯಲ್ಲಿ ಬೇಸ್‌ಮೆಂಟಿನ ಕಾರ್ಪೆಟ್ ಸುತ್ತಿಟ್ಟು ಅಭ್ಯಾಸ ಮಾಡುತ್ತಿದ್ದರೆ ಗಂಡ ಕಲ್ಮೇಶ್, ಎಲ್ಕ್ ಗ್ರೋವ್‌ನ ಡೇಟಾ ಸೆಂಟರಿನಿಂದ ಬಂದವನು, ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಕಾಡುತ್ತಿದ್ದ.

"ಏನ ನೀಲಾ, ದಿನಾ ಉಳ್ಳಾಡ್ಲಿಕ್ಕತ್ತೀಯಲ್ಲ. ನಮ್ಮ ಎಮ್ಮಿನೂ ಇಷ್ಟ ಉಳ್ಳಾಡತಿದ್ದಿಲ್ಲ."

"ಸುಮ್ನ ಕೂಡ್ರಿ. ನಿಮಗ ಇದರಾಗಿಂದು ಏನೂ ತಿಳಿಯೂದಿಲ್ಲ" ಎನ್ನುತ್ತಿದ್ದಳು. ಆ ದಿನಗಳಲ್ಲಿ ಅವಳು ಸುಖವಾಗಿದ್ದಳು. ಅದನ್ನು ಮುಚ್ಚಿಟ್ಟು ಏನೂ ಆಗಬೇಕಾಗಿಲ್ಲ.

ಮಾರ್ಚಿನಲ್ಲಿ ಪಾಠ ಕೊನೆಯ ಭಾಗಕ್ಕೆ ಬಂತು. ಬಿದ್ದವನು ಏಳುವ ಭಾಗ, ಇಡೀ ನೃತ್ಯ ನಿಂತಿರುವುದೇ ಅದರ ಮೇಲೆ ಎಂದಷ್ಟೇ ಒಡೆಸ್ಸಾ ಹೇಳಿದ್ದರು. ಅಂದು ಅವರು ಸ್ಟೂಲಿನಿಂದ ಏಳಹೊರಟವರು ಅರ್ಧದಲ್ಲಿ ಒಂದು ಕ್ಷಣ ನಿಂತರು. ಎಡಗಾಲು ತುಸು ತಡವಾಗಿ, ನೆಲವನ್ನು ಸವರಿಕೊಂಡು ಬಂತು. ಬಾಯಿಯ ಎಡ ಅಂಚು ಕೊಂಚ ಇಳಿಯಿತು. ತೊಡೆ ತಟ್ಟುತ್ತಿದ್ದ ಕೈಯೂ ಆ ಕ್ಷಣ ನಿಂತು ಮತ್ತೆ ಶುರುವಾಯಿತು. ಆಮೇಲೆ ಅವರು ಪೂರ್ತಿ ಎದ್ದು ನಿಂತು, "ನೋಡಿದೆಯಾ? ಈಗ ನೀನು" ಎಂದರು.

ನೋಡಿದ್ದಳು. ಎಷ್ಟು ಚೆನ್ನಾಗಿ ನೋಡಿದ್ದಳೆಂದರೆ, ಆ ನಿಲುಗಡೆಯ ಸೂಕ್ಷ್ಮಕ್ಕೆ ಮೈ ಜುಮ್ಮೆಂದಿತು. ಇಷ್ಟು ದಿನ ಕಲ್ಲಿನ ಹಾಗೆ ಮುಖವಿಟ್ಟು ಕುಣಿದವರು ಇಲ್ಲಿ, ಈ ಒಂದೇ ಕಡೆ, ಅಭಿನಯ ತಂದಿದ್ದಾರೆ ಎಂದುಕೊಂಡಳು. ಸೋತ ಮನುಷ್ಯನ ತುಟಿ! ನಮ್ಮಲ್ಲಿ ಇದನ್ನು ಕಲಿಯಲು ವರ್ಷಗಳೇ ಬೇಕು, ಇವರು ಒಂದು ಅಂಚಿನಲ್ಲಿ ಮುಗಿಸಿಬಿಟ್ಟರು ಎಂದು ಮನಸ್ಸಿನಲ್ಲೇ ಕೈಮುಗಿದಳು. ಕೇಂದ್ರದಲ್ಲಿ ಅದೇ ಕಾಲು, ಅದೇ ತುಟಿ ಯಾವ ರೋಗಿಯದಾಗಿದ್ದರೂ ಅವಳು ಆಂಬುಲೆನ್ಸಿಗೆ ಫೋನ್ ಮಾಡಿಸುತ್ತಿದ್ದಳು. ಇಲ್ಲಿ ಕೂಡಲೇ ನೆಲದ ಮೇಲೆ ಕೂತು, ಎದ್ದು, ಅರ್ಧದಲ್ಲಿ ನಿಂತು, ಎಡಗಾಲನ್ನು ತಡವಾಗಿ ಎಳೆದುಕೊಂಡು, ತುಟಿ ಇಳಿಸಿ ತೋರಿಸಿದಳು. ಒಡೆಸ್ಸಾರಿಗೆ ಅಂದು ಏನೋ ಆಯಾಸ, ಕಿಟಕಿಯ ಕಡೆ ನೋಡುತ್ತಿದ್ದರು. "ಹೂಂ, ಅದೇ" ಎಂದರು.

ಮುಂದಿನ ವಾರಗಳಲ್ಲೂ ಆ ನಿಲುಗಡೆ ಬಂತು, ಒಮ್ಮೆ ಸಣ್ಣದಾಗಿ, ಒಮ್ಮೆ ದೊಡ್ಡದಾಗಿ. ನೀಲಾಂಬಿಕಾ ಅದನ್ನು ದಿನವೂ ತಿಕ್ಕಿ ತೊಳೆದು ಹೊಳಪು ಕೊಟ್ಟಳು. ಬೇಸ್‌ಮೆಂಟಿಗೆ ಇಳಿದುಬಂದ ಮಗಳು ನಿಹಾರಿಕಾ ಒಮ್ಮೆ ನೋಡಿ, "ಅಮ್ಮಾ, ಯುವರ್ ಮೌತ್ ಲುಕ್ಸ್ ವಿಯರ್ಡ್. ಸ್ಟಾಪ್ ಇಟ್" ಎಂದು ಮೇಲೆ ಓಡಿದಳು. ಈ ಕಾಲದ ಮಕ್ಕಳಿಗೆ ಭಾವ ಎಂದರೆ ಏನು ಗೊತ್ತು ಎಂದು ತಾಯಿ ಅಂದುಕೊಂಡಳು.

ಅಕ್ಟೋಬರಿನಲ್ಲಿ ಡೆಟ್ರಾಯ್ಟ್‌ನಿಂದ ಕರೆ ಬಂತು. ಒಡೆಸ್ಸಾ ಹುಡುಗಿಯಾಗಿದ್ದಾಗ ಕುಣಿದ ಚರ್ಚಿನ ಹಾಲ್‌ನಲ್ಲಿ ಹಳೆಯ ಕಲಾವಿದರೆಲ್ಲ ಸೇರುತ್ತಿದ್ದರು, 'ಮೂರನೇ ಪಾಳಿ' ಆಗಲೇಬೇಕೆಂದರು. ಡೆನೀಸ್ ಕಾರು ಓಡಿಸಿದಳು. ದಾರಿಯುದ್ದಕ್ಕೂ ಒಡೆಸ್ಸಾ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದರು. ಡೆಟ್ರಾಯ್ಟ್ ಒಳಗೆ ಬಂದಾಗ ಮಾತ್ರ ಎಚ್ಚೆತ್ತು, "ಇಲ್ಲೇ, ಇಲ್ಲೇ ನಮ್ಮ ಮನೆ" ಎಂದು ಫ್ರೀವೇಯ ಕಡೆ ಕೈ ತೋರಿಸಿದರು.

ಅಂದು ಮಧ್ಯಾಹ್ನ ರಿಹರ್ಸಲ್. ಡೋಲು ಬಾರಿಸಲು ಬಂದವರು ರೂಫಸ್ ಎಂಬ ಮುದುಕ, ಒಂದು ಕಾಲದಲ್ಲಿ ಒಡೆಸ್ಸಾ ಈ ನೃತ್ಯ ಕುಣಿದಾಗೆಲ್ಲ ಅವರೇ ಬಾರಿಸಿದವರು. ಒಡೆಸ್ಸಾ ಮುಂದಿನ ಸಾಲಿನಲ್ಲಿ ಕೋಟು ಹೊದ್ದು ಕೂತರು. ಅಲ್ಲಿಯವರೆಗೆ ನೀಲಾಂಬಿಕಾಳ ಅಭ್ಯಾಸವನ್ನು ಅವರು ಸ್ಟೂಲಿನಿಂದ ಕಂಡದ್ದು ತುಂಡುತುಂಡಾಗಿ, ಅರೆಗಣ್ಣಿನಲ್ಲಿ. ದೀಪದ ಕೆಳಗೆ, ದೂರದಿಂದ, ಇಡಿಯಾಗಿ ನೋಡುತ್ತಿದ್ದದ್ದು ಅದೇ ಮೊದಲು.

ನೃತ್ಯ ಚೆನ್ನಾಗಿಯೇ ಏರಿತು. ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದವರು ಕೈ ಬಿಟ್ಟು ನಿಂತು ನೋಡಿದರು. ನೀಲಾಂಬಿಕಾ ಬಿದ್ದಳು. ಏಳಹೊರಟು, ಅರ್ಧದಲ್ಲಿ ನಿಂತು, ಕಾಲೆಳೆದು, ತುಟಿ ಇಳಿಸಿದಳು. ಡೋಲು ಅವಳಿಗಾಗಿ ಕಾಯಲಿಲ್ಲ. ಅದು ಮುಂದೆ ಹೋಗಿಬಿಟ್ಟಿತು. ಅವಳು ಎದ್ದು ನಿಲ್ಲುವಷ್ಟರಲ್ಲಿ ರೂಫಸ್ ಮುಗಿಸಿ ಕೈ ಎತ್ತಿದ್ದರು.

"ಎಲ್ಲಿ ಹೋಗಿದ್ದೆ, ಮಗಳೇ?" ಎಂದರು ಅವರು.

"ಅಲ್ಲಿ ನಿಲುಗಡೆ ಇದೆ, ಸರ್. ಮಿಸ್ ಒಡೆಸ್ಸಾ ಕಲಿಸಿದ್ದು."

"ಅಲ್ಲಿ ನಿಲುಗಡೆ ಇಲ್ಲ. ಇಷ್ಟು ವರ್ಷ ಬಾರಿಸಿದೀನಿ, ನನ್ನ ಕೈಗೆ ಗೊತ್ತಿಲ್ವಾ? ಅವರಪ್ಪ ಎರಕದ ಮನೇಲಿ ಜಾರಿ ಬಿದ್ರೆ, ಮೇಸ್ತ್ರಿ ತಿರುಗಿ ನೋಡೋ ಮೊದಲು ಎದ್ದಿರ್ತಿದ್ರು. ಬಿದ್ದಲ್ಲೇ ಒಂದು ಉಸಿರು ಕೂತವನಿಗೆ ನಾಳೆಯಿಂದ ಕೆಲಸ ಇರ್ತಿರಲಿಲ್ಲ. ನಿಲ್ಲದೆ ಏಳೋದೇ ಈ ಡಾನ್ಸು, ಬೇರೆ ಏನೂ ಇಲ್ಲ." ರೂಫಸ್ ಕನ್ನಡಕ ತೆಗೆದು ಒರೆಸಿಕೊಂಡರು. "ಮತ್ತೆ ಆ ಬಾಯಿ ಯಾಕೆ ಹಾಗೆ ಮಾಡ್ತೀಯ? ಒಡೆಸ್ಸಾ ಯಾವತ್ತೂ ಮುಖದಲ್ಲಿ ಕುಣಿದವಳಲ್ಲ."

ನೀಲಾಂಬಿಕಾಳ ಕೈ ತನ್ನ ತುಟಿಯ ಎಡ ಅಂಚಿಗೆ ಹೋಯಿತು. ಎಡಗಾಲು ತಡವಾಗುವುದು. ತುಟಿ ಇಳಿಯುವುದು. ಎಣಿಕೆ ತಪ್ಪುವುದು. ಹಗಲು ಕಂಡ ಬಾವಿಯಲ್ಲಿ ಇರುಳು ಬಿದ್ದ ಹಾಗೆ, ಇಪ್ಪತ್ತು ವರ್ಷ ಕಣ್ಣಾರೆ ಕಂಡ ಕಾಯಿಲೆಯೊಳಗೆ ಅವಳು ಕಾಲಿಟ್ಟು, ಅಲ್ಲೇ ಕುಣಿದಿದ್ದಳು. ತಿರುಗಿ ಮುಂದಿನ ಸಾಲಿಗೆ ನೋಡಿದಳು.

ಒಡೆಸ್ಸಾ ಅವಳನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ. ಅಂಗಡಿಯ ಗಾಜಿನಲ್ಲಿ ಯಾರೋ ಮುದುಕಿಯನ್ನು ಕಂಡು, ಆಮೇಲೆ ಅದು ತಾನೇ ಎಂದು ಗೊತ್ತಾದವರ ಮುಖವಿತ್ತು.

"ನಾನು ಹಾಗೆ ಕಾಣ್ತೀನಾ, ನೀಲಾ?" ಎಂದು ಕೇಳಿದರು.

"ಮಿಸ್ ಒಡೆಸ್ಸಾ, ಏಳಬೇಡಿ, ಅಲ್ಲೇ ಕೂತಿರಿ" ಎಂದು ಕೂಗಿ ವೇದಿಕೆಯಿಂದ ಜಿಗಿಯುವಷ್ಟರಲ್ಲಿ ಒಡೆಸ್ಸಾ ಕೋಟು ಪಕ್ಕಕ್ಕೆ ಹಾಕಿ ಎದ್ದಾಗಿತ್ತು. "ಹಾಗಲ್ಲ ಅದು. ತೋರಿಸ್ತೀನಿ ನೋಡು. ಒಂದೇ ಸಲ..." ಎಂದರು. ಬಲಗಾಲಿನ ಮೇಲೆ ಭಾರ ಹಾಕಿದರು. ಎಡಗಾಲು ಬರಲೇ ಇಲ್ಲ. ರೂಫಸ್ ಡೋಲಿನ ಮೇಲಿಂದಲೇ ಕೈ ಚಾಚಿದರು, ಒಡೆಸ್ಸಾ ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರು.

ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರ್ ಚಿತ್ರಗಳನ್ನು ನೋಡಿ, ಇದು ಮೊದಲನೆಯದಲ್ಲ, ಮಿದುಳಿನಲ್ಲಿ ಹಿಂದೆಯೂ ಸಣ್ಣಸಣ್ಣ ಆಘಾತಗಳು ಆಗಿಹೋಗಿವೆ ಎಂದರು. ಮುಂಚೆ ಬಂದಿದ್ದರೆ ರಕ್ತ ತೆಳುಮಾಡುವ ಮಾತ್ರೆಯಲ್ಲೇ ಬಹುಶಃ ತಡೆಯಬಹುದಿತ್ತು. ಯಾರಾದರೂ ಏನಾದರೂ ಗಮನಿಸಿದ್ದರಾ, ಕೈಕಾಲು ಎಳೆಯುವುದು, ಮುಖ ಓರೆಯಾಗುವುದು?

ಡೆನೀಸ್ ತಲೆ ಅಲ್ಲಾಡಿಸಿದಳು. ಅವಳದು ಏರ್‌ಪೋರ್ಟಿನ ಪಾಳಿ, ಅವಳು ಬರುವಾಗ ದೊಡ್ಡಮ್ಮ ಸಾಮಾನ್ಯವಾಗಿ ಹಾಸಿಗೆಯಲ್ಲಿರುತ್ತಿದ್ದರು. "ಇಲ್ಲ. ಯಾರೂ ನೋಡಿಲ್ಲ" ಎಂದಳು.

"ನಾನು ನೋಡಿದೀನಿ" ಎಂದಳು ನೀಲಾಂಬಿಕಾ. ಕಸುಬಿನ ಮಾತಿನಲ್ಲಿ ಹೇಳಬಹುದಿತ್ತು, ಆ ಪದಗಳೆಲ್ಲ ಅವಳಿಗೆ ಬಾಯಿಪಾಠ. ಅವಳು ಕಾರಿಡಾರಿನ ಕುರ್ಚಿಯಿಂದ ಎದ್ದಳು. ಅರ್ಧದಲ್ಲಿ ನಿಂತಳು. ಎಡಗಾಲನ್ನು ಎಳೆದುಕೊಂಡಳು. ತುಟಿ ಇಳಿಸಿದಳು. ಡಾಕ್ಟರ್ ಪೆನ್ನು ಕೆಳಗಿಟ್ಟು ನೋಡಿದರು. ಅಷ್ಟು ನಿಖರವಾಗಿ ಯಾವ ರೋಗಿಯ ಮನೆಯವರೂ ಅವರಿಗೆ ಎಂದೂ ಹೇಳಿರಲಿಕ್ಕಿಲ್ಲ.

"ಯಾವಾಗಿಂದ?"

"ಮಾರ್ಚಿನಿಂದ."

ಡೆನೀಸ್ ಅವಳ ಕಡೆ ತಿರುಗಿದಳು. "ನೀನು ಥೆರಪಿಸ್ಟ್" ಎಂದಳು. "ಮಾರ್ಚಿನಿಂದ ನೋಡ್ತಾ ಇದ್ದೆ. ನೋಡಿ, ಪ್ರಾಕ್ಟೀಸ್ ಮಾಡಿದೆ." ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನೀಲಾಂಬಿಕಾ ಬದುಕಿಕೊಳ್ಳುತ್ತಿದ್ದಳು.

ಡೆಸ್ ಪ್ಲೇನ್ಸ್‌ಗೆ ಮರಳಿದ ಮೇಲೆ ಕಲ್ಮೇಶ್ ತನಗೆ ತಿಳಿದ ಹಾಗೆ ಸಮಾಧಾನ ಹೇಳಿದ. "ನೀ ಬೇಕಂತ ಮಾಡೀಯೇನು? ಗುರುಗಳಂತ ಭಾವಿಸಿದಿ, ಅವರು ಮಾಡಿದ್ದ ಮಾಡಿದಿ. ತಪ್ಪೇನೈತಿ ಅದರಾಗ?" ತಪ್ಪು ಇದ್ದದ್ದೇ ಅದರಲ್ಲಿ ಎಂದು ಆ ಒಳ್ಳೆಯ ಮನುಷ್ಯನಿಗೆ ಹೇಗೆ ಹೇಳುವುದು?

ಚಳಿ ಶುರುವಾದಾಗ ಒಡೆಸ್ಸಾರನ್ನು ಶಿಕಾಗೊಗೆ ಕರೆತಂದು ಒಂದು ಶುಶ್ರೂಷಾಲಯದಲ್ಲಿ ಇರಿಸಿದರು. ಮಾತು ಪೂರ್ತಿ ಹೋಗಿತ್ತು. ಎಡಭಾಗ ಮರದ ಕೊರಡು. ಬಲಗೈ ಮತ್ತು ಕಣ್ಣು ಮಾತ್ರ ಅವರದಾಗಿ ಉಳಿದಿದ್ದವು. ನೀಲಾಂಬಿಕಾ ಹೋಗಲು ಬಹಳ ಹೆದರಿದಳು. ಕೊನೆಗೆ ಒಂದು ಭಾನುವಾರ ಹೋದಳು. ಡೆನೀಸ್ ಅವಳನ್ನು ತಡೆಯಲಿಲ್ಲ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತಳು.

ಒಡೆಸ್ಸಾರ ಕಣ್ಣು ಅವಳನ್ನು ಗುರುತಿಸಿತು. ಬಲಗೈ ಹೊದಿಕೆಯ ಮೇಲೆ ನಿಧಾನವಾಗಿ ಎದ್ದು ಮಂಚದ ಅಂಚನ್ನು ತಟ್ಟತೊಡಗಿತು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ತಪ್ಪಲಿಲ್ಲ. ರೂಫಸ್‌ರ ಡೋಲಿನ ಎಣಿಕೆಯೇ ಅದು. ಆಮೇಲೆ ಅಂಗೈ ನೆಲವನ್ನು ತೋರಿಸಿ, ಥಟ್ಟನೆ ಮೇಲೆ ಹೋಯಿತು. ಮತ್ತೊಮ್ಮೆ ನೆಲ, ಮತ್ತೊಮ್ಮೆ ಮೇಲೆ. ಮಾತಿಲ್ಲದಿದ್ದರೂ ಅದಕ್ಕಿಂತ ಸ್ಪಷ್ಟವಾಗಿ ಅವರು ಎಂದೂ ಪಾಠ ಹೇಳಿರಲಿಲ್ಲ. ಇನ್ನೂ ತಿದ್ದಬಹುದು ಎಂದು ಅವರು ನಂಬಿದ್ದರು. ನೀಲಾಂಬಿಕಾ ಕೂಡ ನಂಬಿದಳು.

ಶೂ ಬಿಚ್ಚಿ, ತಣ್ಣಗಿನ ನೆಲದ ಮೇಲೆ ಮಲಗಿದಳು. ಅರ್ಥ ಈಗ ಗೊತ್ತಿತ್ತು. ಮೇಸ್ತ್ರಿ ತಿರುಗುವ ಮೊದಲು ಏಳಬೇಕು. ಉಸಿರು ಹೊಟ್ಟೆಯಿಂದ ಹೊರಡಿಸಿ, ಬಲಗಾಲಿನ ಮೇಲೆ ಭಾರ ಹಾಕಿ, ಮಂಚದ ತಟ್ಟಿನ ಜೊತೆಗೇ ಎದ್ದಳು.

ಅರ್ಧದಲ್ಲಿ ಮೈ ನಿಂತಿತು. ಅವಳು ನಿಲ್ಲಿಸಲಿಲ್ಲ, ತಾನಾಗಿ ನಿಂತಿತು. ಎಡಗಾಲು ತಡವಾಗಿ ನೆಲ ಸವರಿಕೊಂಡು ಬಂತು. ಬೇಡ ಬೇಡ ಎಂದು ಹಲ್ಲು ಕಚ್ಚಿದರೂ ತುಟಿಯ ಅಂಚು ಇಳಿಯಿತು. ತಿಂಗಳುಗಟ್ಟಲೆ ಬೇಸ್‌ಮೆಂಟಿನಲ್ಲಿ ಕಲಿಸಿದ್ದನ್ನು ಮೈ ಕಲಿಸಿದ ಹಾಗೆಯೇ ಒಪ್ಪಿಸಿತು. ಮತ್ತೆ ಮಲಗಿದಳು, ಮತ್ತೆ ಎದ್ದಳು, ಮತ್ತೆ ಅಲ್ಲೇ ನಿಂತಳು.

ಮಂಚದ ಅಂಚಿನ ಮೇಲೆ ತಟ್ಟುತ್ತಿದ್ದ ಕೈ ನಿಂತುಹೋಯಿತು. ಒಡೆಸ್ಸಾ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಡೆನೀಸ್ ಎದ್ದು ಬಂದು ಹೊದಿಕೆ ಸರಿಮಾಡಿ, ನೀಲಾಂಬಿಕಾಳ ಶೂಗಳನ್ನು ಬಾಗಿಲಿನ ಬಳಿ ತಂದಿಟ್ಟಳು.